ದಿನದ ಧಮ್ಮ ಚಿಂತನೆ: ಬೆರಳಿನ ತಪ್ಪೋ, ತಂತಿಯ ತಪ್ಪೋ?



ನನ್ನ ಮಗಳು ಪಿಯುಸಿ ಓದುತ್ತಿದ್ದಾಳೆ. ಅಂಬೇಡ್ಕರ್ ಜಯಂತಿಗೆ ಹಾಡುವ ನಮ್ಮ ಕೇರಿಯ ಹುಡುಗರ ಜೊತೆ ತಾನೂ ನುಡಿಸಬೇಕೆಂದು ಎಲೆಕ್ಟ್ರಿಕ್ ಗಿಟಾರ್ ಕೇಳಿದಳು. ಚೀಟಿ ಎತ್ತಿ, 12,000 ರೂಪಾಯಿಗೆ ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಅಗ್ಗದ್ದನ್ನು ಕೊಡಿಸಿದೆ. ಮೂರು ವಾರದಲ್ಲಿ ಅವಳ ಎಡಗೈ ಬೆರಳ ತುದಿಗಳು ಬಿರಿದು ರಕ್ತ ಬಂತು. ಅಷ್ಟು ನೊಂದು ನುಡಿಸಿದರೂ ಸ್ವರ ಸರಿಯಾಗಿ ಕೂರುತ್ತಿರಲಿಲ್ಲ. ನಾನು ಟೀಚರು ತಾನೆ, ಬಾಯಿಗೆ ಬಂದದ್ದು ಅದೇ ಹಳೇ ಮಾತು: "ಅಭ್ಯಾಸ ಸಾಲದು, ಇನ್ನೂ ಒಂದು ಗಂಟೆ ಹೆಚ್ಚು ಕೂರು." ಒಂದು ದಿನ ಗಿಟಾರನ್ನು ಬೀರುವಿನ ಹಿಂದಕ್ಕೆ ಇಟ್ಟು ಅವಳು ಅಂದಳು, "ಅಮ್ಮಾ, ನನ್ನ ಕೈಗೆ ಇದು ಬರಲ್ಲ, ಬಿಡು."

ನಮ್ಮ ಮಕ್ಕಳ ಬಾಯಲ್ಲಿ 'ನನ್ನ ಕೈಲಾಗಲ್ಲ' ಅನ್ನುವ ಮಾತು ಬಂದರೆ ನನಗೆ ಎದೆ ಧಸಕ್ಕೆನ್ನುತ್ತದೆ. ಅದು ನಾವು ಹುಟ್ಟಿಸಿಕೊಂಡ ಮಾತಲ್ಲ. ತಲೆತಲಾಂತರದಿಂದ ಬೇರೆಯವರು ನಮಗೆ ಬಾಯಿಪಾಠ ಮಾಡಿಸಿದ ಮಾತು.

ಆ ಭಾನುವಾರ ಅವಳನ್ನೂ ಗಿಟಾರನ್ನೂ ಕರೆದುಕೊಂಡು ರಿಪೇರಿ ಮಾಡುವವರ ಹತ್ತಿರ ಹೋದೆ. ಅವರು ನುಡಿಸು ಅನ್ನಲಿಲ್ಲ, ಬೆರಳನ್ನೂ ನೋಡಲಿಲ್ಲ. ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಅದರ ಕೊರಳನ್ನು ಉದ್ದಕ್ಕೂ ನೋಡಿ, "ಹೀಗಿದ್ದರೆ ಯಾರು ನುಡಿಸಿದರೂ ಕೈ ನೋಯುತ್ತದೆ, ಮೇಡಂ" ಅಂದರು.

ಆಮೇಲೆ ವಿವರಿಸಿದರು. ಆರು ತಂತಿಗಳು ಸೇರಿ ಸುಮಾರು 45 ಕೆ.ಜಿ. ಬಲದಿಂದ ಆ ಮರದ ಕೊರಳನ್ನು ಎಳೆಯುತ್ತಿರುತ್ತವೆ. ಆ ಎಳೆತಕ್ಕೂ ಮಳೆಗಾಲದ ತೇವಕ್ಕೂ ಮರ ಬಾಗುತ್ತದೆ. ಅದನ್ನು ಹಿಡಿದು ನಿಲ್ಲಿಸಲು ಕೊರಳೊಳಗೆ ಒಂದು ಕಬ್ಬಿಣದ ಸರಳು ಇರುತ್ತದೆ, ಟ್ರಸ್ ರಾಡ್ ಅನ್ನುತ್ತಾರೆ. ಅವರು ಕೀಲಿ ಹಾಕಿ ಅದನ್ನು ಕಾಲು ಸುತ್ತು ತಿರುಗಿಸಿದರು, ನೋಡಿದರು, ಮತ್ತೆ ಸ್ವಲ್ಪ ತಿರುಗಿಸಿದರು. "ಜೋರಾಗಿ ತಿರುಗಿಸಿದರೆ ಸರಳೇ ಕೆಡುತ್ತದೆ, ಮನೆಯಲ್ಲಿ ಪ್ರಯೋಗ ಮಾಡಬೇಡಿ" ಅಂತಲೂ ಹೇಳಿದರು. ಹನ್ನೆರಡನೇ ಮೆಟ್ಟಿನ ಮೇಲೆ ತಂತಿ 3 ಮಿಲಿಮೀಟರಿಗಿಂತ ಎತ್ತರದಲ್ಲಿತ್ತು. 2 ಮಿಲಿಮೀಟರಿನ ಒಳಗೆ ಇಳಿಸಿದರು. ತಂತಿ ಎತ್ತರದಲ್ಲಿದ್ದಷ್ಟೂ ಒತ್ತುವಾಗ ಹೆಚ್ಚು ಎಳೆದಂತಾಗಿ ಸ್ವರ ಏರುತ್ತದಂತೆ. ನೋವಿಗೂ ಅಪಸ್ವರಕ್ಕೂ ಕಾರಣ ಒಂದೇ! ಕೊನೆಗೆ ಒಂದೊಂದು ತಂತಿಯ ಕುದುರೆಯನ್ನೂ ಹಿಂದೆ ಮುಂದೆ ಸರಿಸಿ ಸ್ವರ ಕೂರಿಸಿದರು.

ಅಮೆರಿಕದ ಲಿಯೋ ಫೆಂಡರ್ ಅವರ ಕಂಪನಿ 1954ರಲ್ಲಿ ತಂದ ಸ್ಟ್ರಾಟೋಕ್ಯಾಸ್ಟರ್ ಗಿಟಾರಿನಲ್ಲಿ ಆರು ತಂತಿಗೂ ಬೇರೆ ಬೇರೆ ಕುದುರೆ ಇಟ್ಟಿದ್ದರು, ಪ್ರತಿಯೊಂದನ್ನೂ ಸರಿಪಡಿಸಿಕೊಳ್ಳಲಿ ಎಂದು. ಇಂದಿನ ಎಷ್ಟೋ ಅಗ್ಗದ ಗಿಟಾರುಗಳು ಅದೇ ಮಾದರಿಯವು. ಅಂದರೆ ಸರಿಹೋಗುವ ಗುಣ ಅಗ್ಗದ ಗಿಟಾರಿನೊಳಗೂ ಇದೆ. ಇಲ್ಲದಿದ್ದದ್ದು ಕೂತು ಸರಿಮಾಡುವ ಕೈ ಮಾತ್ರ. ಕೂಲಿ 1,500 ರೂಪಾಯಿ ಆಯಿತು. ಮಗಳು ಅಲ್ಲೇ ನುಡಿಸಿ ನೋಡಿ, ನನ್ನ ಕಡೆ ತಿರುಗಿ ನಕ್ಕಳು. ನನಗೆ ನಾಚಿಕೆಯಾಯಿತು.

ಬಂಧುಗಳೇ, ಸೋಣ ಕೋಳಿವಿಸ ಭಿಕ್ಷುವಿನ ಕಥೆ ನಿಮಗೆ ಗೊತ್ತು. ಸಿರಿವಂತರ ಮನೆ ಬಿಟ್ಟು ಬಂದವನು. ನಡೆಯುತ್ತಾ ಧ್ಯಾನ ಮಾಡಿ ಮಾಡಿ ಅಂಗಾಲು ಒಡೆದು ನೆಲವೆಲ್ಲ ರಕ್ತವಾಯಿತು. ಇಷ್ಟು ಮಾಡಿಯೂ ಬಿಡುಗಡೆ ಸಿಗಲಿಲ್ಲ, ಮನೆಗೆ ಹೋಗುವುದೇ ಮೇಲು ಅಂದುಕೊಂಡ. ಭಗವಾನರು ಬಂದು ಅವನನ್ನು 'ನೀನು ಅಸಮರ್ಥ' ಅನ್ನಲಿಲ್ಲ, 'ಇನ್ನೂ ನಡೆ' ಅನ್ನಲೂ ಇಲ್ಲ. ಅವನಿಗೆ ಗೊತ್ತಿದ್ದ ವೀಣೆಯ ಬಗ್ಗೆಯೇ ಕೇಳಿದರು. ತಂತಿ ಅತಿ ಬಿಗಿಯಾದರೂ ನುಡಿಯದು, ಅತಿ ಸಡಿಲವಾದರೂ ನುಡಿಯದು, ಹದವಾದಾಗಲೇ ನುಡಿಯುತ್ತದೆ ಎಂಬುದನ್ನು ಅವನ ಬಾಯಿಂದಲೇ ಹೇಳಿಸಿದರು. ಪ್ರಯತ್ನವೂ ಹಾಗೆಯೇ ಎಂದು ತಿಳಿಸಿದರು.

ಈ ಕಥೆಯನ್ನು ನಾವು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತೇವೆ. ವಿನಯಪಿಟಕದಲ್ಲಿ ಅದು ಮುಂದುವರಿಯುತ್ತದೆ. ಭಗವಾನರು ಸೋಣನಿಗೆ ಪಾದರಕ್ಷೆಗೆ ಅನುಮತಿ ಕೊಟ್ಟರು. ನನಗೊಬ್ಬನಿಗೆ ಬೇಡ, ಸಂಘಕ್ಕೆಲ್ಲ ಕೊಟ್ಟರೆ ನಾನೂ ಹಾಕಿಕೊಳ್ಳುತ್ತೇನೆ ಅಂದ ಸೋಣ. ಆಗ ಇಡೀ ಭಿಕ್ಷು ಸಂಘಕ್ಕೆ ಅನುಮತಿಯಾಯಿತು. ಮೇಲ್ಜಾತಿ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆದ ಹಿರಿಯರ ಮೊಮ್ಮಕ್ಕಳು ನಾವು. ಈ ಭಾಗದ ಅರ್ಥ ನಮಗೆ ಯಾರೂ ವಿವರಿಸಬೇಕಾಗಿಲ್ಲ.

ಮನಸ್ಸಿನ ಹದ ಒಂದು, ಕಾಲಿಗೆ ಚಪ್ಪಲಿ ಇನ್ನೊಂದು. ಭಗವಾನರು ಎರಡನ್ನೂ ಕೊಟ್ಟರು. ಬರೀ ಮೊದಲನೆಯದನ್ನು ಹೇಳಿ ಎರಡನೆಯದನ್ನು ಮರೆತರೆ ಅದು ಉಪದೇಶವಾಗುತ್ತದೆ, ಕರುಣೆಯಾಗುವುದಿಲ್ಲ. ಬಾಬಾಸಾಹೇಬರೂ ನಮಗೆ 'ಸಹಿಸಿಕೊಂಡು ಓದಿ' ಎಂದಷ್ಟೇ ಹೇಳಲಿಲ್ಲ. ಎತ್ತರದಲ್ಲಿ ಕೂತಿದ್ದ ತಂತಿಯನ್ನೇ ಕೆಳಗಿಳಿಸಲು ಜೀವನ ಸವೆಸಿದರು.

ಎಲ್ಲವೂ ಹದಮಾಡುವುದರಿಂದ ಸರಿಹೋಗುತ್ತದೆ ಅನ್ನುತ್ತಿಲ್ಲ. ಕೊರಳು ತಿರುಚಿಹೋದ ಗಿಟಾರಿಗೆ ಸೆಟಪ್ ಮಾಡಿಸಿ ಫಲವಿಲ್ಲ, ಅದನ್ನು ಬದಲಿಸಲೇಬೇಕು. ಒಮ್ಮೆ ಮಾಡಿಸಿದ್ದು ಸದಾ ಇರುವುದೂ ಇಲ್ಲ. ಋತು ಬದಲಾದರೆ ಮರ ಮತ್ತೆ ಬಾಗುತ್ತದೆ. ಅದು ಅನಿತ್ಯ. ಆದ್ದರಿಂದ ನೋಡುತ್ತಲೇ ಇರಬೇಕು.

*ಇಂದಿನ ಅಭ್ಯಾಸ:* ನಿಮ್ಮ ಮನೆಯಲ್ಲಿ, ತರಗತಿಯಲ್ಲಿ, ಕೆಲಸದ ಜಾಗದಲ್ಲಿ ಯಾರಾದರೂ ಸೋಲುತ್ತಿದ್ದರೆ 'ಇನ್ನೂ ಕಷ್ಟಪಡು' ಅನ್ನುವ ಮೊದಲು ಒಂದು ಕ್ಷಣ ನಿಲ್ಲಿ. ಅವರ ಕೈಯಲ್ಲಿರುವ ವಾದ್ಯವನ್ನು ಒಮ್ಮೆ ನೋಡಿ. ದೀಪ ಸಾಲದೇ? ಕನ್ನಡಕ ಬೇಕೇ? ಹೊಟ್ಟೆಗೆ ಏನಾದರೂ ಬಿದ್ದಿದೆಯೇ? ಮಕ್ಕಳಿಗೆ ಗಿಟಾರ್ ಕೊಡಿಸುವವರಿದ್ದರೆ, ಇದ್ದ ದುಡ್ಡೆಲ್ಲ ಅದಕ್ಕೇ ಸುರಿಯದೆ ಸೆಟಪ್ಪಿಗೂ ಒಂದಿಷ್ಟು ಎತ್ತಿಡಿ.

ಎಲ್ಲರಿಗೂ ಮಂಗಳವಾಗಲಿ. ಸಾಧು, ಸಾಧು, ಸಾಧು.
ನಮೋ ಬುದ್ಧಾಯ. ಜೈಭೀಮ್ 💙