ಷಡಕ್ಷರಿಯ ಅಕ್ಷರಾರ್ಥ

ರೋಣ, ನರಗುಂದ, ಗಜೇಂದ್ರಗಡ ಸೀಮೆಯ ಹಳ್ಳಿಗಳಲ್ಲಿ ಓದುಬರಹವನ್ನರಿಯದ ಎಷ್ಟೋ ತಾಯಂದಿರು ಗುರುವಿನಿಂದ ಷಡಕ್ಷರೀ ಮಂತ್ರವನ್ನು ಕಿವಿಯಲ್ಲಿ ಪಡೆದು, ಕರಸ್ಥಲದ ಲಿಂಗವನ್ನು ನೋಡುತ್ತ ಆಯುಷ್ಯವನ್ನು ಸವೆಸಿದ್ದಾರೆ. ಅಕ್ಷರವನ್ನೇ ಬರೆಯಲರಿಯದವರಿಗೆ ಅಕ್ಷರದ ಅರ್ಥವು ತಿಳಿಯುವುದೆಂತು ಎಂದು ಪಂಡಿತರು ಶಂಕಿಸಬಹುದು. ಈ ಶಂಕೆಗೆ ಉತ್ತರವು ಮಂತ್ರದ ಒಡಲಿನಲ್ಲಿಯೇ ಇದೆ.

ಷಟ್‌ಸ್ಥಲಶಾಸ್ತ್ರದ ಪ್ರಕಾರ ನಕಾರವು ಪೃಥ್ವಿ. ಅದರ ಸ್ಥಲ ಭಕ್ತಸ್ಥಲ, ಲಿಂಗ ಆಚಾರಲಿಂಗ, ಮುಖ ಘ್ರಾಣ, ಅರ್ಪಿತ ಗಂಧ. ಮೊದಲ ಮಳೆಗೆ ಎರೆಮಣ್ಣು ಬೀರುವ ವಾಸನೆಯನ್ನು ಲಿಂಗಕ್ಕೆ ಅರ್ಪಿಸಿ ಕೂರಿಗೆ ಹೂಡುವ ಒಕ್ಕಲಿಗನು ನಕಾರವನ್ನು ಓದದೆಯೇ ಓದಿದವನು. ಭಕ್ತಿಯು ಮಣ್ಣಿನಿಂದಲೇ ಮೊದಲಾಗುವುದೆಂದು ಪೂರ್ವಾಚಾರ್ಯರು ಸುಮ್ಮನೆ ಇಟ್ಟ ಕ್ರಮವಲ್ಲ.

ಮಕಾರವು ಜಲತತ್ತ್ವ, ಸ್ಥಲ ಮಾಹೇಶ್ವರ, ಲಿಂಗ ಗುರುಲಿಂಗ, ಮುಖ ಜಿಹ್ವೆ, ಅರ್ಪಿತ ರುಚಿ. ನಿಷ್ಠೆಯೂ ಪರಧನದ ನಿರಾಕರಣೆಯೂ ಮಾಹೇಶ್ವರನ ಲಕ್ಷಣಗಳು. ನೀರಿನ ಬೆಲೆಯನ್ನು ನರಗುಂದದವರಿಗೆ ಹೇಳಿಕೊಡಬೇಕಾಗಿಲ್ಲ. ಮಲಪ್ರಭೆ ಕಾಲುವೆಯ ಕರದ ವಿರುದ್ಧ ರೈತರು ಎದ್ದಾಗ, 1980ರ ಜುಲೈ 21ರಂದು ನರಗುಂದ-ನವಲಗುಂದಗಳಲ್ಲಿ ಗೋಲಿಬಾರಾಗಿ ಜೀವಗಳು ಹೋದವು. ಅಷ್ಟು ಬೆಲೆ ತೆತ್ತ ನೀರನ್ನು, ಬೆಳಿಗ್ಗೆ ಮಂತ್ರವನ್ನು ನೂರೆಂಟು ಸಲ ಜಪಿಸಿದವನೇ ರಾತ್ರಿ ನೆರೆಯವನ ಸರದಿಯಲ್ಲಿ ತನ್ನ ಹೊಲಕ್ಕೆ ತಿರುಗಿಸಿಕೊಂಡರೆ, ಅವನ ಜಪದಲ್ಲಿ ಮಕಾರವೊಂದು ಉಚ್ಚಾರವಾಗಲೇ ಇಲ್ಲವೆಂದು ತಿಳಿಯತಕ್ಕದ್ದು. ಐದೇ ಅಕ್ಷರವುಳಿದ ಮಂತ್ರವು ಷಡಕ್ಷರಿ ಹೇಗಾದೀತು?

ಅಕ್ಷರಗಳಲ್ಲಿ ತತ್ತ್ವವನ್ನು ಕಂಡವರು ಶಿವಭಕ್ತರು ಮಾತ್ರವೇ ಅಲ್ಲ. ಯೆಹೂದ್ಯರ ಹೀಬ್ರೂ ಭಾಷೆಗೆ 22 ಅಕ್ಷರಗಳು. ಅವರ ಪ್ರಾಚೀನ ಗ್ರಂಥವಾದ ‘ಸೇಫೆರ್ ಯೆತ್ಸಿರಾ’ ಅವುಗಳಲ್ಲಿ ಮೂರನ್ನು ತಾಯಕ್ಷರಗಳೆಂದು ಕರೆಯುತ್ತದೆ: ಆಲೆಫ್ ವಾಯು, ಮೇಮ್ ಜಲ, ಶಿನ್ ಅಗ್ನಿ. ನಮ್ಮಲ್ಲಿಯೂ ಮಕಾರವೇ ಜಲ, ಶಿಕಾರವೇ ಅಗ್ನಿ! ಒಂದರಿಂದ ಮತ್ತೊಂದು ಹುಟ್ಟಿತೆಂದು ಸಾಧಿಸಹೊರಡುವುದು ಅವಿವೇಕ. ದೂರದೇಶದ ಸಾಧಕರೂ ನುಡಿಯಲ್ಲಿ ನೀರು ಬೆಂಕಿಗಳನ್ನು ಕಂಡರೆಂಬ ಸಂತೋಷವೇ ಸಾಕು.

ಶಿಕಾರಕ್ಕೆ ಸ್ಥಲ ಪ್ರಸಾದಿ, ಲಿಂಗ ಶಿವಲಿಂಗ, ಮುಖ ನೇತ್ರ, ಅರ್ಪಿತ ರೂಪು. ಗಜೇಂದ್ರಗಡದ ನೇಕಾರನು ಎಳೆಯೆಳೆಯಲ್ಲಿಯೂ ಕಣ್ಣಿಟ್ಟು, ಹರಿದ ನೂಲನ್ನು ಮುಚ್ಚಿಡದೆ ಗಂಟಿಕ್ಕಿ ಸೀರೆಯನ್ನು ನೇಯುವಾಗ ಅವನ ನೋಟವು ಅರ್ಪಿತವಾಗುತ್ತದೆ. ವಾಕಾರ ಯಕಾರಗಳು ಕ್ರಮವಾಗಿ ವಾಯುವೂ ಆಕಾಶವೂ ಆಗಿ, ಸ್ಪರ್ಶವನ್ನೂ ಶಬ್ದವನ್ನೂ ಪ್ರಾಣಲಿಂಗಿಗೂ ಶರಣನಿಗೂ ಒಪ್ಪಿಸುತ್ತವೆ.

ಉಳಿದದ್ದು ಓಂಕಾರ: ಆತ್ಮತತ್ತ್ವ, ಐಕ್ಯಸ್ಥಲ, ಮಹಾಲಿಂಗ. ಅದರ ಮುಖ ಹೃದಯ, ಅರ್ಪಿತ ತೃಪ್ತಿ. ಬರದ ವರ್ಷದಲ್ಲಿಯೂ ಮನೆಗೆ ಬಂದ ಜಂಗಮಕ್ಕೆ ಮೊದಲು ನೀಡಿ, ಮಿಕ್ಕ ಅರ್ಧ ರೊಟ್ಟಿಯನ್ನು ಪ್ರಸಾದವೆಂದು ಉಂಡು, ಸಾಕೆಂದು ಕೈತೊಳೆಯುವ ಆ ಅನಕ್ಷರಸ್ಥ ತಾಯಿಯನ್ನು ಪಂಡಿತರು ಓಂಕಾರದ ಅರ್ಥವೇನೆಂದು ಕೇಳಿ ನೋಡಲಿ.