ನೀವೂ ಒಮ್ಮೆ ನೋಡಿ

ಶಿವರಾತ್ರಿ ಬಂದರೆ ಚಳಿ ‘ಶಿವ ಶಿವಾ’ ಎಂದು ಹೊರಟುಹೋಗುತ್ತದೆ ಎನ್ನುತ್ತಾರೆ ಹಿರಿಯರು. ಅದು ಅತ್ತ ಹೋಗುತ್ತಿದ್ದಂತೆ ಇತ್ತ ನಮ್ಮ ಮಾತಿಗೆ ಹೊಸ ಪಲ್ಲವಿ ಸಿಗುತ್ತದೆ: ಏನು ಬಿಸಿಲು, ಏನು ಸೆಕೆ, ಈ ಸಲ ನೀರಿನ ಗತಿ ಏನೋ. ಬಸ್ ನಿಲ್ದಾಣದಲ್ಲಿ ಮುಖಪರಿಚಯವಿಲ್ಲದವರೂ ಬಿಸಿಲನ್ನು ಬೈಯುತ್ತ ನಾಲ್ಕು ಮಾತಿನಲ್ಲಿ ನೆಂಟರಾಗಿಬಿಡುತ್ತಾರೆ. ಆದರೆ ಅದೇ ನಿಲ್ದಾಣದ ಪಕ್ಕದಲ್ಲಿ ಹೊಂಗೆಯ ಮರವೊಂದು ಹಳೆಯ ಎಲೆಯನ್ನೆಲ್ಲ ಉದುರಿಸಿ, ಎಳೆಹಸಿರಿನ ಚಿಗುರು ತಳೆದು, ಬೆಳಕನ್ನೇ ಸೋಸುತ್ತ ನಿಂತಿರುವಾಗ, ‘ಅಲ್ಲಿ ನೋಡಿ’ ಎಂದು ಪಕ್ಕದವರಿಗೆ ಹೇಳಲು ನಮಗೆ ನಾಲಗೆ ಏಳುವುದಿಲ್ಲ. ದೂರಿಗೆ ಅಷ್ಟು ಸಲೀಸಾಗಿ ತೆರೆಯುವ ಬಾಯಿ ಒಂದು ಸಣ್ಣ ಸಂತೋಷದ ಮುಂದೆ ಏಕೆ ಬಿಗಿದುಕೊಳ್ಳುತ್ತದೆ?

ದೃಷ್ಟಿಯಾದೀತೆಂಬ ಅಂಜಿಕೆ ನಮ್ಮಲ್ಲಿ ಇನ್ನೂ ಬೇರುಬಿಟ್ಟಿದೆ. ‘ಹೇಗಿದ್ದೀರಿ’ ಎಂದರೆ ಚೆನ್ನಾಗಿರುವವರೂ ‘ಏನೋ, ಹೀಗೇ ನಡೀತಾ ಇದೆ’ ಎನ್ನುತ್ತಾರೆ. ಸುಖವನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡೇ ಬದುಕಬೇಕೆಂಬುದು ಎಷ್ಟೋ ಮನೆಗಳ ಪಾಠ. ಇನ್ನೊಂದು ಕಾರಣ ಇದಕ್ಕಿಂತ ಘನವಾದದ್ದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಎಷ್ಟೋ ಬಡಾವಣೆಗಳ ಕೊಳವೆಬಾವಿಗಳು ಬತ್ತಿಹೋಗಿದ್ದವು. ಕೊಡ ಸಾಲಾಗಿಟ್ಟು ಟ್ಯಾಂಕರಿನ ದಾರಿ ಕಾಯುತ್ತಿದ್ದ ಹೆಣ್ಣುಮಗಳ ಮುಂದೆ ನಿಂತು ಜಕರಂಡದ ನೇರಳೆ ಬಣ್ಣವನ್ನು ವರ್ಣಿಸುವ ಧೈರ್ಯ ಯಾರಿಗಿರುತ್ತದೆ, ಇರಲೂ ಬಾರದು. ಎದುರಿಗಿರುವವರ ಪಾಡು ನೋಡಿ ತನ್ನ ಹಿಗ್ಗನ್ನು ತುಸು ಅದುಮಿಟ್ಟುಕೊಳ್ಳುವುದನ್ನು ನಾನು ಸಂಸ್ಕಾರವೆಂದೇ ಕರೆಯುತ್ತೇನೆ.

ಇಷ್ಟೆಲ್ಲ ಹಿಂಜರಿಕೆಯ ನಡುವೆಯೂ ನಮ್ಮ ಜನ ಒಂದು ದಾರಿ ಕಂಡುಕೊಂಡಿದ್ದಾರೆ. ತಮ್ಮ ಸುಖವನ್ನು ಸುಖವೆಂದು ಹೇಳಿಕೊಳ್ಳದೆ, ಸಲಹೆಯಂತೆ ದಾಟಿಸಿಬಿಡುತ್ತಾರೆ. ವಾರದ ಸಂತೆಗೆ ಹೋಗಿಬಂದವರ ಮಾತಿಗೆ ಕಿವಿಗೊಡಿ: ‘ಹುಣಸೆಮರದ ಬುಡದಲ್ಲಿ ಕೂರ್ತಾಳಲ್ಲ, ಆ ಅಜ್ಜಿ ಹತ್ರ ಕರಬೂಜ ತಗೊಳ್ಳಿ, ಮೂಸಿದ್ರೇ ಗೊತ್ತಾಗುತ್ತೆ.’ ನಾನು ತಿಂದೆ, ನನಗೆ ಹಿತವಾಯಿತು ಎಂಬುದು ಈ ಮಾತಿನಲ್ಲಿ ಬಾಯಿಬಿಟ್ಟು ಬರುವುದೇ ಇಲ್ಲ. ಹೇಳುವವರು ಪಕ್ಕಕ್ಕೆ ಸರಿದು ಕೇಳುವವರಿಗೆ ಜಾಗ ಮಾಡಿಕೊಟ್ಟಿರುತ್ತಾರೆ. ವಾರವೆಂಬ ಅಳತೆಗೂ ಇದರಲ್ಲಿ ಪಾಲಿದೆ. ವರ್ಷಕ್ಕೊಮ್ಮೆ ಹೇಳುವುದಾದರೆ ಮದುವೆ, ಗೃಹಪ್ರವೇಶ, ಬಡ್ತಿಯಂಥ ದೊಡ್ಡ ಸಂಗತಿಗಳನ್ನೇ ಹುಡುಕಬೇಕಾಗುತ್ತದೆ, ಅವು ಸಿಗದಿದ್ದ ವರ್ಷ ಹೇಳುವುದಕ್ಕೇನೂ ಇಲ್ಲವೆಂದು ಮುದುಡಬೇಕಾಗುತ್ತದೆ. ವಾರಕ್ಕೊಮ್ಮೆಯಾದರೆ ಒಂದು ಕರಬೂಜ ಸಾಕು. ಭಾನುವಾರ ಅಕ್ಕನಿಗೆ ಫೋನಿನಲ್ಲಿ ಏನಾದರೂ ಹೇಳಬೇಕೆಂಬ ಆಸೆಯಿರುವ ತಮ್ಮ ಸೋಮವಾರದಿಂದಲೇ ಸ್ವಲ್ಪ ಹೆಚ್ಚು ಕಣ್ಣು ತೆರೆದು ನಡೆಯುತ್ತಾನಲ್ಲವೆ?

ಒಳ್ಳೆಯದನ್ನು ಸೂಚಿಸುವುದಕ್ಕೆ ವಸ್ತುವಿನ ಜ್ಞಾನ ಇದ್ದರೆ ಸಾಲದು, ಮನುಷ್ಯರ ಜ್ಞಾನ ಬೇಕು. ಸಕ್ಕರೆ ಕಾಯಿಲೆಯ ಮಾವನಿಗೆ ರಸಪೂರಿಯ ಸವಿ ಹೊಗಳುವುದು ಅನ್ಯಾಯ. ಅವರಿಗೆ ಒಂದೆಲಗದ ತಂಬುಳಿ ಹೇಳಬೇಕು, ತೆಂಗಿನಕಾಯಿ, ಜೀರಿಗೆಯೊಂದಿಗೆ ಹಸಿಯಾಗಿಯೇ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಮಧ್ಯಾಹ್ನದ ಅನ್ನಕ್ಕೆ ಬೇರೇನೂ ಬೇಡ. ಈ ವಿವೇಕವನ್ನು ನಾನು ಹೆಚ್ಚಾಗಿ ಕಂಡಿರುವುದು ಹೊಟ್ಟೆಪಾಡಿಗೆ ಬೀದಿಯಲ್ಲೇ ದಿನ ಕಳೆಯುವವರ ನಡುವೆ. ಮನೆಮನೆಗೆ ಊಟ ತಲುಪಿಸುವ ಹುಡುಗರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ: ಯಾವ ಅಡ್ಡರಸ್ತೆಯಲ್ಲಿ ಎರಡು ಗಂಟೆಯ ಹೊತ್ತಿಗೂ ನೆರಳಿದೆ, ಯಾವ ಅಂಗಡಿಯವರು ನೀರು ಕೇಳಿದರೆ ಮುಖ ಸಿಂಡರಿಸುವುದಿಲ್ಲ, ಯಾವ ದೇವಸ್ಥಾನದ ಮುಂದೆ ರಾಮನವಮಿಗೆ ಪಾನಕ, ಮಜ್ಜಿಗೆ, ಕೋಸಂಬರಿ ಕೈತುಂಬ ಕೊಡುತ್ತಾರೆ. ದಾರಿಹೋಕರಿಗೆ ನೀರು ಕೊಡುವ ಅರವಟಿಗೆಗೆ ದತ್ತಿ ಬಿಟ್ಟದ್ದನ್ನು ಕಲ್ಲಿನಲ್ಲಿ ಕೆತ್ತಿಸಿದ ನಾಡು ಇದು. ಅರವಟಿಗೆ ಇಡುವಷ್ಟು ಶಕ್ತಿ ಇಲ್ಲದವರೂ ಅದು ಎಲ್ಲಿದೆಯೆಂದು ಹೇಳಬಲ್ಲರು, ಬಾಯಾರಿದವರ ಲೆಕ್ಕದಲ್ಲಿ ಈ ಎರಡರ ನಡುವೆ ಅಂತರ ತೀರ ಕಡಿಮೆ.

ತಾನು ಕಂಡ ಸೊಗಸನ್ನು ಇನ್ನೊಬ್ಬರ ಕಣ್ಣಿಗೆ ದಾಟಿಸುವ ಆಸೆ ಎಷ್ಟು ದೂರ ಹೋಗಬಹುದು ಎಂದು ಯೋಚಿಸುವಾಗಲೆಲ್ಲ ನನಗೆ ಗುಸ್ತಾವ್ ಕ್ರುಂಬಿಗಲ್ ನೆನಪಾಗುತ್ತಾರೆ. ಜರ್ಮನಿಯಲ್ಲಿ ಹುಟ್ಟಿ, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ದುಡಿದು, ಬರೋಡಾದ ಮಹಾರಾಜರ ತೋಟಗಳನ್ನು ನೋಡಿಕೊಂಡು, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು ಲಾಲ್‌ಬಾಗಿನ ಹೊಣೆ ಹೊತ್ತವರು. ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂವು ಮುಗಿಯುವಾಗ ಇನ್ನೊಂದು ಮರ ಹೂ ಬಿಡಬೇಕು, ವರ್ಷದ ಯಾವ ಕಾಲದಲ್ಲೂ ಊರು ಹೂವಿಲ್ಲದೆ ಇರಬಾರದು ಎಂಬ ಸರದಿಯ ಯೋಜನೆ ಅವರದು. ಮಡಗಾಸ್ಕರ್ ಮೂಲದ ಗುಲ್‌ಮೊಹರ್, ದಕ್ಷಿಣ ಅಮೆರಿಕದ ಜಕರಂಡ, ನಮ್ಮದೇ ಹೊಂಗೆ, ಕಕ್ಕೆಗಳು ಒಂದೇ ಊರಿನ ಬೇಸಿಗೆಯನ್ನು ಹಂಚಿಕೊಂಡಿರುವುದರ ಹಿಂದೆ ಅಂಥ ಕಣ್ಣುಗಳಿವೆ. ಸಾಲುಮರ ನೆಡಿಸುವವರು ಅದರ ಪೂರ್ತಿ ನೆರಳನ್ನು ತಾವು ಕಾಣುವುದು ಅಪರೂಪ. ಕ್ರುಂಬಿಗಲ್ 1956ರಲ್ಲಿ ಇದೇ ಊರಿನಲ್ಲಿ ತೀರಿಕೊಂಡರು, ಆಗ ಹುಟ್ಟಿಯೇ ಇರದವರು ಇವತ್ತು ಸಿಗ್ನಲಿನಲ್ಲಿ ನಿಂತು ತಲೆಯೆತ್ತಿ ನೋಡುತ್ತಾರೆ. ಗುರುತಿಲ್ಲದವರ ಮೇಲೆ ಇಷ್ಟು ನಂಬಿಕೆ ಇಟ್ಟವರನ್ನು ಏನೆಂದು ಕರೆಯೋಣ?

ಹಾಗೆಂದು ಕಂಡದ್ದನ್ನೆಲ್ಲ ಊರಿಗೆ ಸಾರಬೇಕೆಂದಲ್ಲ. ಮಲೆನಾಡಿನಲ್ಲಿ ಬಿಸಿಲೇರುವ ಹೊತ್ತಿಗೆ ಅಪ್ಪೆಮಿಡಿಯ ಕಾಲ. ಅಘನಾಶಿನಿ, ಶರಾವತಿಯ ದಡದಲ್ಲಿ ಬೆಳೆದ ಮರಗಳಲ್ಲಿ ಒಂದೊಂದರ ಸೊನೆಗೂ ಒಂದೊಂದು ಪರಿಮಳ, ಒಂದಕ್ಕೆ ಜೀರಿಗೆಯದು, ಇನ್ನೊಂದಕ್ಕೆ ಕರ್ಪೂರದ್ದು. ಒಳ್ಳೆಯ ಮರ ಎಲ್ಲಿದೆಯೆಂದು ಕೆಲವರು ಬಾಯಿಬಿಡದಿದ್ದರೆ ಅದನ್ನು ಜಿಪುಣತನ ಎನ್ನಲು ನನಗೆ ಮನಸ್ಸಿಲ್ಲ. ಬೇಡಿಕೆ ಹೆಚ್ಚಿದಾಗ ಮಿಡಿಗಾಗಿ ಕೊಂಬೆಯನ್ನೇ ಕಡಿದೊಯ್ಯುವವರನ್ನು ಆ ಮರಗಳು ಕಂಡಿವೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಜಾತ್ರೆಯಂತೆ ಜನ ಸೇರಿ ಕೊನೆಗೆ ಸರ್ಕಾರವೇ ಚಾರಣಗಳಿಗೆ ತಡೆ ಹಾಕಬೇಕಾಯಿತು. ಒಬ್ಬರಿಗೆ ಹೇಳಿದರೆ ಪ್ರೀತಿಯಾಗುವುದು ಲಕ್ಷ ಜನಕ್ಕೆ ಹೇಳಿದಾಗ ದಾಳಿಯಾಗಬಹುದು. ಕೇಳುವವರ ಮುಖ ಕಾಣುವಷ್ಟು ದೂರದಲ್ಲೇ ಕೆಲವು ಮಾತುಗಳು ನಿಂತರೆ ಕ್ಷೇಮ.

ಹೇಳುವುದನ್ನು ಕುರಿತು ಇಷ್ಟು ಯೋಚಿಸುವ ನಾವು ಕೇಳಿಸಿಕೊಳ್ಳುವುದರ ಬಗ್ಗೆ ಅಷ್ಟಾಗಿ ಯೋಚಿಸುವುದಿಲ್ಲ. ‘ಅಯ್ಯೋ, ಅದು ನಮಗೆ ಯಾವಾಗಲೋ ಗೊತ್ತು ಬಿಡಿ’ ಎಂಬ ಒಂದು ಮಾತು ಎಂಥ ಉತ್ಸಾಹವನ್ನೂ ಬಾಡಿಸಬಲ್ಲದು. ಗೊತ್ತಿದ್ದರೂ ಇನ್ನೊಮ್ಮೆ ಕೇಳಿಸಿಕೊಳ್ಳುವುದು, ಹೇಳಿದ್ದನ್ನು ನಿಜವಾಗಿಯೂ ಮಾಡಿ ನೋಡುವುದು, ನೋಡಿದ ಮೇಲೆ ಮರಳಿ ಬಂದು ‘ನೀವು ಹೇಳಿದಿರಲ್ಲ’ ಎಂದು ಶುರುಮಾಡುವುದು ಎಲ್ಲರಿಂದ ಆಗುವ ಕೆಲಸವಲ್ಲ. ಮೆಚ್ಚಲೇಬೇಕೆಂಬ ಕಟ್ಟುಪಾಡೇನೂ ಇದರಲ್ಲಿಲ್ಲ. ಮಂಗಳೂರಿನ ಕಡೆಯವರು ಅಕ್ಕರೆಯಿಂದ ಕೊಟ್ಟ ಪುನರ್ಪುಳಿಯ ಶರಬತ್ತನ್ನು ಒಂದು ಗುಟುಕು ಕುಡಿದು ಕೋಲಾರದ ಗೆಳೆಯರು ‘ಹುಳಿ ಜಾಸ್ತಿಯಾಯ್ತು ಕಣ್ರೀ’ ಎಂದು ಮುಖ ಕಿವುಚಿದರೆ, ಕುಡಿದು ನೋಡಿಯೇ ಕೊಟ್ಟ ಆ ಉತ್ತರಕ್ಕೂ ಮರ್ಯಾದೆಯಿದೆ. ಮುಂದಿನ ವಾರ ಅವರು ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ, ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ ತಂದು, ‘ಮೊದಲು ಇದನ್ನ ಕುಡೀರಿ, ಆಮೇಲೆ ಮಾತಾಡೋಣ’ ಅನ್ನಲಿ.