ಊಟ ಆದ ಮೇಲೆ ಕೇಳಿದ ಪ್ರಶ್ನೆ

ವಾಕ್ಯಭಾಗ: ಯೋಹಾನ 21:1–17

ಕೂತ್ಕೊಳ್ಳಿ. ಹಿಂದೆ ನಿಂತಿರೋರಿಗೆ ಸ್ವಲ್ಪ ಜಾಗ ಮಾಡಿಕೊಡಿ.

ನಿನ್ನೆ ರಾತ್ರಿ ಊಟ ಎಲ್ಲಿಂದ ಬಂತು? ಮನೆಯಿಂದಾನಾ, ಪಿಜಿಯಿಂದಾನಾ, ಆ್ಯಪ್‌ನಿಂದಾನಾ? ಕೈ ಎತ್ತಿ ನೋಡೋಣ. ಆ್ಯಪ್‌ನವರೇ ಜಾಸ್ತಿ ಇದ್ದೀರಿ! ಬೈಯೋಕೆ ಕೇಳಲಿಲ್ಲಪ್ಪ. ಬಿಟಿಎಂನಲ್ಲಿ ಏಳು ತಿಂಗಳು ಪಿಜಿ ಸಾಂಬಾರು ತಿಂದವನು ನಾನು. ಯಾಕೆ ತಿಂದೆ ಅನ್ನೋದೇ ಇವತ್ತಿನ ಸಾಕ್ಷಿ.

ನಮ್ಮ ಮನೆ ಬನಶಂಕರಿ ಎರಡನೇ ಹಂತದಲ್ಲಿ. ಅಪ್ಪ ಟೈಲರ್, ಮನೆ ಮುಂದಿನ ಚಿಕ್ಕ ರೂಮಲ್ಲೇ ಮಿಷನ್ನು. ಅಮ್ಮ ಮಂಡ್ಯ ಕಡೆಯವರು. ವಾರಕ್ಕೆ ಎರಡು ಸಲ ಸಾರಕ್ಕಿ ಮಾರ್ಕೆಟ್‌ನಿಂದ ಸೊಪ್ಪು ತಂದು ಬಸ್ಸಾರು ಮಾಡ್ತಿದ್ರು. ಬಸ್ಸಾರು ಗೊತ್ತಿಲ್ಲದವರಿಗೆ ಹೇಳ್ತೀನಿ. ಸೊಪ್ಪು, ಕಾಳು ಒಟ್ಟಿಗೆ ಬೇಯಿಸಿ ನೀರು ಬಸಿಯೋದು. ಆ ಕಟ್ಟಿಗೆ ಮೆಣಸಿನಕಾಯಿ, ಬೆಳ್ಳುಳ್ಳಿ, ಈರುಳ್ಳಿ, ಕಾಯಿ ರುಬ್ಬಿ ಹಾಕಿದ್ರೆ ಸಾರು. ಉಳಿದ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ರೆ ಪಲ್ಯ. ಒಂದೇ ಪಾತ್ರೆ ಬೇಯಿಸಿದ್ದಕ್ಕೆ ಎರಡು ಅಡುಗೆ. ಬಡವರ ಮನೆ ಬುದ್ಧಿವಂತಿಕೆ ಅದು.

ಬೆಂದ ಕಾಳು ಅಂದಾಗ ನೆನಪಾಯ್ತು. ದಾರಿ ತಪ್ಪಿದ ರಾಜ ವೀರಬಲ್ಲಾಳನಿಗೆ ಒಬ್ಬ ಅಜ್ಜಿ ಬೆಂದ ಕಾಳು ಕೊಟ್ಟಳು, ಅದಕ್ಕೇ ಇದು ಬೆಂದಕಾಳೂರು ಅಂತ ಶಾಲೆಯಲ್ಲಿ ಕೇಳಿದ್ದೀವಿ. ಇಲ್ಲೇ ಹತ್ತಿರ ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ಶಾಸನ ಇದೆ. ಅದರಲ್ಲಿ ಆಗಲೇ ‘ಬೆಂಗಳೂರು’ ಅನ್ನೋ ಹೆಸರಿದೆ. ವೀರಬಲ್ಲಾಳ ಆಳಿದ್ದು ಅದಾಗಿ ಇನ್ನೂರೈವತ್ತು ವರ್ಷಕ್ಕೂ ಜಾಸ್ತಿ ಆದ ಮೇಲೆ. ಅಂದ್ರೆ ಅದು ಬರೀ ಕಥೆ. ಆದ್ರೂ ನನಗಿಷ್ಟ. ಊರಿನ ಹೆಸರಿಗೆ ಒಂದು ಕಥೆ ಬೇಕಾದಾಗ ನಮ್ಮ ಜನ ಯುದ್ಧ ಹುಡುಕಲಿಲ್ಲ, ಒಂದು ಅಡುಗೆಮನೆ ಹುಡುಕಿದ್ರು.

ಇರಲಿ. 2013ರಲ್ಲಿ ನನಗೆ ಜೆ.ಪಿ. ನಗರದಲ್ಲಿ ಮೊದಲ ಕೆಲಸ ಸಿಕ್ತು. ಒಂದಿನ ಊಟದ ಕ್ಯಾರಿಯರ್ ಮರೆತು ಹೋಗಿದ್ದೆ. ಅಪ್ಪ ಹೊಲಿಯೋದು ಬಿಟ್ಟು ಟಿವಿಎಸ್ ಮೊಪೆಡ್‌ನಲ್ಲಿ ತಂದ್ರು. ಕತ್ತಲ್ಲಿ ಅಳತೆ ಟೇಪು ಹಾಗೇ ನೇತಾಡ್ತಿತ್ತು, ಶರ್ಟ್ ಮೇಲೆಲ್ಲಾ ನೂಲಿನ ಚೂರು. ನಾನು ಟೀಮ್‌ನವರ ಜೊತೆ ಗೇಟ್ ಹತ್ರ ನಿಂತಿದ್ದೆ. ಒಬ್ಬ ಕೇಳಿದ, “ಯಾರೋ ಅದು?” ನಾನಂದೆ, “ನಮ್ಮ ಏರಿಯಾದವರು, ಊಟ ತಂದುಕೊಡ್ತಾರೆ.”

ಅಪ್ಪ ಎರಡು ಹೆಜ್ಜೆ ದೂರದಲ್ಲಿದ್ರು. ಕೇಳಿಸ್ತು. ಕ್ಯಾರಿಯರ್ ನನ್ನ ಕೈಗೆ ಕೊಟ್ಟು, ಗಾಡಿ ತಿರುಗಿಸಿಕೊಂಡು ಹೋದ್ರು.

ಆ ವಾರವೇ, ಆಫೀಸ್ ದೂರ ಅಂತ ಸುಳ್ಳು ಹೇಳಿ ಪಿಜಿ ಸೇರಿಕೊಂಡೆ. ಅಪ್ಪನ ಮೇಲೆ ಕೋಪ ಇರಲಿಲ್ಲ ಪ್ರಿಯರೇ. ಅವರ ಮುಖ ನೋಡೋಕೆ ಆಗ್ತಿರಲಿಲ್ಲ. ಭಾನುವಾರ ಸಭೆಗೆ ಬರ್ತಿದ್ದೆ, ಕೈ ಎತ್ತಿ ಆರಾಧನೆನೂ ಮಾಡ್ತಿದ್ದೆ. ಮನೆಗೆ ಹೋಗ್ತಿರಲಿಲ್ಲ.

ಈಗ ವಾಕ್ಯಕ್ಕೆ ಬನ್ನಿ. ಯೋಹಾನ 18ರಲ್ಲಿ ಮಹಾಯಾಜಕನ ಅಂಗಳ, ಚಳಿ. ಪೇತ್ರ ಇದ್ದಲಿನ ಬೆಂಕಿ ಕಾಯಿಸಿಕೊಳ್ತಾ ನಿಂತಿದ್ದಾನೆ. ಕರ್ತನನ್ನು ಗೊತ್ತೇ ಇಲ್ಲದವನ ಹಾಗೆ ಮಾತಾಡ್ತಾನೆ, ಮೂರು ಸಲ. ಈಗ 21ನೇ ಅಧ್ಯಾಯದ 9ನೇ ವಚನ. ತಿಬೇರಿಯ ಸಮುದ್ರದ ದಡ, ಬೆಳಗಿನ ಹೊತ್ತು. ಅಲ್ಲಿ ಏನು ಉರೀತಿದೆ? ಇದ್ದಲಿನ ಬೆಂಕಿ. ಗ್ರೀಕ್‌ನಲ್ಲಿ ಎರಡೂ ಕಡೆ ಒಂದೇ ಪದ, ಆಂಥ್ರಕಿಯಾ. ಇಡೀ ಹೊಸ ಒಡಂಬಡಿಕೆಯಲ್ಲಿ ಆ ಪದ ಬರೋದು ಈ ಎರಡೇ ಜಾಗದಲ್ಲಿ. ಪೇತ್ರನ ಮೂಗಿಗೆ ಆ ಹೊಗೆ ವಾಸನೆ ಬಡಿದಾಗ ಏನು ನೆನಪಾಗಿರಬೇಕು, ಯೋಚನೆ ಮಾಡಿ!

ಆದ್ರೆ ಈ ಸಲ ಬೆಂಕಿ ಹಚ್ಚಿರೋದು ಕರ್ತನೇ. ಮರಣವನ್ನು ಜಯಿಸಿದ ಆತನು, ಮೊಳೆ ಹೊಡೆಸಿಕೊಂಡ ಅದೇ ಕೈಯಿಂದ ಮೀನು ಸುಡ್ತಿದ್ದಾನೆ. ಹಲ್ಲೆಲೂಯ! ರಾತ್ರಿಯೆಲ್ಲಾ ದುಡಿದು ಸುಸ್ತಾದವರನ್ನ ತಿನ್ನೋಕೆ ಕರೀತಾನೆ. ಇನ್ನೊಂದು ಗಮನಿಸಿ. ಮೀನು ಆಗಲೇ ಬೆಂಕಿ ಮೇಲಿದೆ, ಆದ್ರೂ ನೀವು ಹಿಡಿದದ್ದರಲ್ಲೂ ಸ್ವಲ್ಪ ತನ್ನಿ ಅಂತಾನೆ. ಬಲೆಯಲ್ಲಿ 153 ಇತ್ತಲ್ಲ, ಅದೂ ಆತನೇ ಕೊಟ್ಟದ್ದು. ಪ್ರಶ್ನೆ ಯಾವಾಗ ಬರುತ್ತೆ? 15ನೇ ವಚನ, ಊಟ ಆದ ಮೇಲೆ. ಹಸಿದವನನ್ನ ಆತನು ವಿಚಾರಣೆ ಮಾಡಲಿಲ್ಲ.

ಏಳನೇ ತಿಂಗಳು ಅಮ್ಮ ಫೋನ್ ಮಾಡಿದ್ರು. “ನಾನು ಊರಿಗೆ ಹೋಗ್ತಿದ್ದೀನಿ, ಅಜ್ಜಿಗೆ ಹುಷಾರಿಲ್ಲ. ಅಪ್ಪ ಒಬ್ರೇ ಇರ್ತಾರೆ, ಹೋಗಿ ನೋಡ್ಕೊಂಡು ಬಾರೋ.” ಬಾಗಿಲು ತಟ್ಟೋಕೆ ಮುಂಚೆ ಹತ್ತು ನಿಮಿಷ ರಸ್ತೆಯಲ್ಲೇ ನಿಂತಿದ್ದೆ. ಬೈತಾರೆ ಅಂದುಕೊಂಡಿದ್ದೆ. ಬೈದಿದ್ರೆ ಸುಲಭ ಆಗ್ತಿತ್ತು. ಅಪ್ಪ ಬಾಗಿಲು ತೆಗೆದು, “ಕೈ ತೊಳ್ಕೊಂಡು ಬಾ, ಮುದ್ದೆ ಆರೋಗುತ್ತೆ” ಅಂದ್ರು.

ಹುಟ್ಟಿದಾಗಿನಿಂದ ಅಪ್ಪ ಒಲೆ ಮುಂದೆ ನಿಂತಿದ್ದು ನಾನು ನೋಡಿರಲಿಲ್ಲ. ಎಸರಿಗೆ ಹಿಟ್ಟು ಹಾಕಿ, ಚೆನ್ನಾಗಿ ಬೇಯೋಕೆ ಬಿಟ್ಟು ಆಮೇಲೆ ಕೋಲಿನಲ್ಲಿ ತಿರುವಬೇಕು. ಅವರು ಬೇಯೋಕೆ ಮುಂಚೆನೇ ತಿರುವಿಬಿಟ್ಟಿದ್ರು. ಮುದ್ದೆ ಮುರಿದ್ರೆ ಗಂಟು, ಗಂಟಿನೊಳಗೆ ಒಣ ಹಿಟ್ಟು. ಸಾರಿಗೆ ಉಪ್ಪು ಜಾಸ್ತಿ. ಮುದ್ದೆ ಅಗಿಬಾರದು, ನುಂಗಬೇಕು ಅಂತಾರಲ್ಲ, ನನಗೆ ಎರಡೂ ಆಗಲಿಲ್ಲ. ಗಂಟಲು ಕಟ್ಟಿತ್ತು. ಅಪ್ಪ ಮಾತಾಡದೆ ಇನ್ನೊಂದು ಸೌಟು ಸಾರು ಹಾಕಿದ್ರು. ತಟ್ಟೆ ಖಾಲಿ ಆದ ಮೇಲೆ ಕೇಳಿದ್ರು, “ನಾಳೆಯಿಂದ ಕ್ಯಾರಿಯರ್ ತರಲಾ?”

ಅಷ್ಟೇ ಪ್ರಿಯರೇ. ಅದೊಂದೇ ಪ್ರಶ್ನೆ.

ಮಾರನೇ ದಿನ ಆ ಸಹೋದ್ಯೋಗಿನ ಗೇಟಿಗೆ ಕರ್ಕೊಂಡು ಹೋಗಿ ನಿಲ್ಲಿಸಿ, “ಇವರು ನಮ್ಮಪ್ಪ” ಅಂದೆ. ಅವನಿಗೆ ಹಳೇದು ನೆನಪೂ ಇರಲಿಲ್ಲ. ಅಪ್ಪನಿಗೆ ನೆನಪಿತ್ತು. ಕತ್ತಲ್ಲಿದ್ದ ಟೇಪು ತೆಗೆದು ಜೇಬಿಗೆ ಹಾಕೋಕೆ ಹೋದ್ರು, ನಾನು ಬೇಡ ಅಂದೆ.

ಒಂದು ಮಾತು ಹೇಳಲೇಬೇಕು. ಎಲ್ಲರ ಮನೆನೂ ಹೀಗಿರಲ್ಲ. ನಿಮ್ಮಲ್ಲಿ ಕೆಲವರು ಏಟು ತಿಂದು ಮನೆ ಬಿಟ್ಟು ಬಂದಿದ್ದೀರಿ. ಈ ಸಂದೇಶ ಕೇಳಿ ಅಲ್ಲಿಗೆ ವಾಪಸ್ ಓಡಬೇಡಿ, ಮೊದಲು ನಮ್ಮ ಜೊತೆ ಮಾತಾಡಿ. ಆದ್ರೆ ದಡದ ಮೇಲಿನ ಆ ಬೆಂಕಿ ನಿಮಗೂ ಇದೆ. ಬಿದ್ದುಹೋದೆ, ಇನ್ನು ಯಾವ ಮುಖ ಇಟ್ಕೊಂಡು ಪ್ರಾರ್ಥನೆ ಮಾಡಲಿ ಅಂತ ತಿಂಗಳಾನುಗಟ್ಟಲೆ ದೂರ ಇರೋರೇ, ಆತನು ಆಗಲೇ ಒಲೆ ಹಚ್ಚಿದ್ದಾನೆ.

ಎದ್ದು ನಿಲ್ಲೋಣ. ಕಣ್ಣು ಮುಚ್ಚಿ.

ಕರ್ತನೇ, ನಿನ್ನನ್ನ ಗೊತ್ತಿಲ್ಲ ಅಂದವರು ನಾವು. ಮನೆಯವರನ್ನೂ ಗೊತ್ತಿಲ್ಲ ಅಂದವರು ಇಲ್ಲಿದ್ದೇವೆ. ರಸ್ತೆಯಲ್ಲೇ ನಿಂತಿರೋರಿಗೆ ಬಾಗಿಲು ತಟ್ಟೋ ಧೈರ್ಯ ಕೊಡು. ಒಳಗೆ ಕಾಯ್ತಿರೋರಿಗೆ, ಮೊದಲು ತಟ್ಟೆ ಇಡೋ ಮನಸ್ಸು ಕೊಡು. ಯೇಸುವಿನ ನಾಮದಲ್ಲಿ, ಆಮೆನ್.